ಇಪ್ಪತ್ತೈದು ಅಂಕದ ತೋಟ

ಬಿ.ಎ. ಓದುವ ಹುಡುಗಿಗೂ ಬಿ.ಕಾಂ. ಓದುವ ಹುಡುಗನಿಗೂ ಎಂಜಿನಿಯರಿಂಗ್ ಸೇರಿದವರಿಗೂ ಸಮಾನವಾಗಿ ಇರುವ ಪತ್ರಿಕೆ ಯಾವುದಾದರೂ ಇದ್ದರೆ ಅದು ಪರಿಸರ ಅಧ್ಯಯನ. ತಿಪಟೂರಿನಲ್ಲಾಗಲಿ ತುರುವೇಕೆರೆಯಲ್ಲಾಗಲಿ ಅದನ್ನು ಓದುವ ಕ್ರಮವೂ ಒಂದೇ. ಪರೀಕ್ಷೆಗೆ ವಾರ ಉಳಿದಿದೆ ಎನ್ನುವಾಗ ಜೆರಾಕ್ಸ್ ಅಂಗಡಿಯಿಂದ ನೋಟ್ಸ್ ತರುವುದು, ಓಜೋನ್ ಪದರ, ಚಿಪ್ಕೊ ಚಳವಳಿ, ಹಸಿರುಮನೆ ಪರಿಣಾಮ ಇಷ್ಟನ್ನು ಉರು ಹೊಡೆಯುವುದು, ಬರೆದು ಬರುವುದು. ಪಾಸಾದರೆ ಸಾಕು ಎನ್ನುವ ವಿಷಯಗಳಲ್ಲಿ ಇದಕ್ಕೆ ಅಗ್ರಸ್ಥಾನ.

ಈ ಪತ್ರಿಕೆಯನ್ನು ಕಾಲೇಜಿಗೆ ತಂದದ್ದು ಸುಪ್ರೀಂ ಕೋರ್ಟು. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 1991ರ ನವೆಂಬರ್ 22ರಂದು ಬಂದ ಆದೇಶದಲ್ಲಿ ಶಾಲೆ ಕಾಲೇಜುಗಳಲ್ಲಿ ಪರಿಸರದ ಪಾಠ ಕಡ್ಡಾಯವಾಗಬೇಕೆಂಬ ಮಾತಿತ್ತು. ಸಿನಿಮಾ ಟಾಕೀಸಿನವರು ಆಟಕ್ಕೆ ಮುಂಚೆ ಪರಿಸರದ ಸ್ಲೈಡುಗಳನ್ನು ಪುಕ್ಕಟೆ ತೋರಿಸಬೇಕೆಂದೂ ಅದೇ ಆದೇಶ ಹೇಳಿತ್ತು. ಆ ಕಾಲದಲ್ಲಿ ಬೆಂಚಿನ ಮೇಲೆ ಕೂತು ಸಿನಿಮಾ ನೋಡಿದವರಿಗೆ ನೆನಪಿರಬಹುದು. ಸ್ಲೈಡು ಬಂತು, ಪಾಠ ಬರಲಿಲ್ಲ. ಹನ್ನೆರಡು ವರ್ಷ ಕಳೆದು 2003ರ ಡಿಸೆಂಬರ್ 18ರಂದು ನ್ಯಾಯಾಲಯ ಮತ್ತೊಮ್ಮೆ ಗದರಿದ ಮೇಲೆ ಯುಜಿಸಿಯ ಆರು ತಿಂಗಳ ಪಠ್ಯಕ್ರಮ ದೇಶದ ಎಲ್ಲ ಪದವಿ ಕಾಲೇಜುಗಳಿಗೂ ಇಳಿಯಿತು. ಪುಣೆಯ ಎರಾಚ್ ಭರೂಚಾ ಅದಕ್ಕೆ ಪಠ್ಯಪುಸ್ತಕ ಬರೆದರು. ಒಟ್ಟು 50 ಪೀರಿಯಡ್ಡು, 100 ಅಂಕ.

ಆ ಪಠ್ಯಕ್ರಮದ ಎಂಟನೆಯ ಹಾಗೂ ಕೊನೆಯ ಘಟಕವೇ ನನ್ನ ಆಸಕ್ತಿ. ಊರಿನ ಹತ್ತಿರದ ನದಿಯನ್ನೋ ಕಾಡನ್ನೋ ಗುಡ್ಡವನ್ನೋ ನೋಡಿ ದಾಖಲಿಸುವುದು, ಮಲಿನವಾದ ಒಂದು ಜಾಗಕ್ಕೆ ಹೋಗಿ ಬರುವುದು, ಸುತ್ತಲಿನ ಗಿಡ, ಹುಳ, ಹಕ್ಕಿ ಗುರುತಿಸುವುದು, ಕೆರೆಯನ್ನೋ ಹಳ್ಳವನ್ನೋ ಜೀವಜಾಲವಾಗಿ ಅಧ್ಯಯನ ಮಾಡುವುದು. ಇದಕ್ಕೆ ಐದು ಪೀರಿಯಡ್ಡು, ನೂರರಲ್ಲಿ 25 ಅಂಕ. ಸೆಮಿಸ್ಟರು, ಕ್ರೆಡಿಟ್ಟುಗಳ ಲೆಕ್ಕ ಆಮೇಲೆ ಹಲವು ಸಲ ಬದಲಾಗಿದೆ. 2021ರಲ್ಲಿ ರಾಜ್ಯಕ್ಕೆ ಎನ್‌ಇಪಿ ಬಂತು, 2024ರಲ್ಲಿ ನಾವು ಮತ್ತೆ ಹಳೆಯ ಮೂರು ವರ್ಷದ ಪದವಿಗೆ ಮರಳಿದೆವು. ಈ ಏರುಪೇರಿನ ನಡುವೆ ಕ್ಷೇತ್ರಕಾರ್ಯ ಎಂಬುದು ಹಿಂದಿನ ಬ್ಯಾಚಿನವರ ವರದಿಯ ಮೇಲೆ ಹೊಸ ರಟ್ಟು ಹಾಕಿ ಕೊಡುವ ಶಾಸ್ತ್ರವಾಗಿ ಉಳಿದುಕೊಂಡಿದೆ. ಎಲ್ಲ ಕಡೆ ಹಾಗೆಯೇ ಎಂದು ಹೇಳಲಾರೆ. ಒಳ್ಳೆಯ ಮೇಷ್ಟ್ರು ಸಿಕ್ಕ ಕಡೆ ಹುಡುಗರು ಕೆರೆ ಏರಿ ಹತ್ತಿದ್ದೂ ಉಂಟು. ಆದರೆ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಂಥ ತೆಂಗಿನ ಸೀಮೆಯಲ್ಲಿ ಆ 25 ಅಂಕವನ್ನು ಪುಕ್ಕಟೆ ಹಂಚುವುದು ದಂಡ. ಇಲ್ಲಿ ಓದಬೇಕಾದದ್ದೆಲ್ಲ ಮನೆಯ ಹಿತ್ತಲಿನಲ್ಲೇ ಇದೆ, ಅದೂ ಲೆಕ್ಕ ಹಾಕಲು ಬರುವ ರೂಪದಲ್ಲಿ.

ಉದಾಹರಣೆಗೆ ನೀರು. ತೆಂಗು ಕಡಲಂಚಿನ ಮರ. ವರ್ಷಕ್ಕೆ 1,500 ಮಿಲಿಮೀಟರಿಗೆ ಕಡಿಮೆಯಿಲ್ಲದೆ, ತಿಂಗಳುಗಳಿಗೆ ಹಂಚಿಕೊಂಡು ಬೀಳುವ ಮಳೆ ಅದಕ್ಕೆ ಹಿತ. ನಮ್ಮಲ್ಲಿ ಬೀಳುವುದು 600ರಿಂದ 700 ಮಿ.ಮೀ., ಅದರಲ್ಲೂ ಬಹುಪಾಲು ಕೆಲವೇ ವಾರಗಳಲ್ಲಿ. ಹಾಗಿದ್ದೂ ಈ ಮರ ಇಲ್ಲಿ ಬೇರೂರಿತು, ‘ತಿಪಟೂರು ಟಾಲ್’ ಎಂದು ತನ್ನದೇ ತಳಿಯ ಹೆಸರು ಪಡೆಯಿತು, ದೇಶದ ಉಂಡೆ ಕೊಬ್ಬರಿಯ ದರ ತಿಪಟೂರಿನ ಎಪಿಎಂಸಿಯಲ್ಲಿ ನಿಗದಿಯಾಗುವಷ್ಟು ಬೆಳೆಯಿತು. ಹಿಂದಿನವರು ಸಸಿ ಇಟ್ಟದ್ದು ಕೆರೆಯ ಹಿಂದಿನ ತಗ್ಗಿನಲ್ಲಿ, ಹಳ್ಳದ ಮಗ್ಗುಲಲ್ಲಿ. ಕೆರೆಯ ಜಿನುಗು ನೀರು ಬೇರಿಗೆ ಸಿಗುತ್ತಿತ್ತು. ಮೇಲೆ ನೀರು ಹಾಯಿಸುವ ಗೊಡವೆಯೇ ಇರಲಿಲ್ಲ. ಕೊಳವೆಬಾವಿ ಬಂದ ಮೇಲೆ ತೋಟ ದಿಬ್ಬ ಹತ್ತಿತು, ರಾಗಿ ಹೊಲಕ್ಕೂ ಕಾಲಿಟ್ಟಿತು.

ಈಗ ಒಂದು ಎಕರೆಯ ಲೆಕ್ಕ ಹಾಕೋಣ. ಬೇಕಾದ್ದು ಪಿಯುಸಿ ಗಣಿತಕ್ಕಿಂತ ಕಡಿಮೆ. ಮೂವತ್ತು ಅಡಿಗೊಂದರಂತೆ ಇಟ್ಟರೆ ಎಕರೆಗೆ 48 ಮರ. ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರದ ಪಾತಿಗೆ 200 ಲೀಟರ್ ಎನ್ನುವುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಅಂದರೆ ದಿನಕ್ಕೆ ಮರಕ್ಕೆ 50, ಎಕರೆಗೆ 2,400 ಲೀಟರ್. ಡಿಸೆಂಬರಿನಿಂದ ಮೇ ತನಕ ಸುಮಾರು 180 ದಿನ ಹೀಗೆ ಕೊಟ್ಟರೆ 4 ಲಕ್ಷ 32 ಸಾವಿರ ಲೀಟರ್. ಇದು ನೆಲದೊಳಗಿನಿಂದ ನಾವು ತೆಗೆದದ್ದು. ನೆಲಕ್ಕೆ ಹಿಂದಿರುಗಿದ್ದು ಎಷ್ಟು? 650 ಮಿ.ಮೀ. ಮಳೆಯೆಂದರೆ ಒಂದು ಎಕರೆಯ ಮೇಲೆ ಸುಮಾರು 26 ಲಕ್ಷ ಲೀಟರ್. ಕೇಳಲು ಬೇಕಾದಷ್ಟಾಯಿತು ಅನ್ನಿಸುತ್ತದೆ. ಆದರೆ ನಮ್ಮದು ಗಟ್ಟಿಕಲ್ಲಿನ ನೆಲ. ಇಂಥ ಕಡೆ ಬಿದ್ದ ಮಳೆಯಲ್ಲಿ ನೂರಕ್ಕೆ 8ರಿಂದ 11 ಪಾಲು ಮಾತ್ರ ಅಂತರ್ಜಲ ಸೇರುತ್ತದೆಂದು ಸರ್ಕಾರದ ಅಂತರ್ಜಲ ಅಂದಾಜು ಸಮಿತಿಯೇ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಒಳಗಿಳಿದದ್ದು ಎರಡರಿಂದ ಮೂರು ಲಕ್ಷ ಲೀಟರ್. ಎಕರೆ ತೋಟ ತನ್ನ ಮೇಲೆ ಬಿದ್ದ ಮಳೆಯಿಂದ ಬದುಕುತ್ತಿಲ್ಲ. ಪಕ್ಕದ ರಾಗಿ ಹೊಲದ, ಊರ ಗೋಮಾಳದ, ಕೆರೆಯ ಪಾಲನ್ನೂ ಕುಡಿಯುತ್ತಿದೆ. ಗೋಮಾಳಕ್ಕೆ ಬೇಲಿ ಬಿದ್ದು, ರಾಗಿ ಹೊಲವೂ ತೋಟವಾದರೆ ಯಾರ ಪಾಲನ್ನು ಯಾರು ಕುಡಿಯಬೇಕು? ಬೋರು ಸಾವಿರ ಅಡಿಗೆ ಇಳಿದದ್ದರ ಉತ್ತರ ಈ ಕೂಡು ಕಳೆಯುವ ಲೆಕ್ಕದಲ್ಲೇ ಇದೆ.

ತೆಂಗಿನ ಸಾಲುಗಳ ನಡುವೆ ಈಗ ಅಡಿಕೆ ಬಂದು ಕೂತಿದೆ. ಒಂಬತ್ತು ಅಡಿ ಅಂತರದ ಬರೀ ಅಡಿಕೆ ತೋಟವಾದರೆ ಎಕರೆಗೆ 530ಕ್ಕೂ ಹೆಚ್ಚು ಗಿಡ. ಹನಿ ನೀರಾವರಿಯಲ್ಲಿ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ತೆಂಗಿನ ಎಕರೆಗೆ ಹೋಲಿಸಿದರೆ ನಾಲ್ಕು ಪಟ್ಟು. ಅಡಿಕೆಗೆ ಬೆಲೆ ಇರುವ ತನಕ ಈ ಲೆಕ್ಕ ಹೇಳಿದವನನ್ನು ಊರು ಹುಚ್ಚನೆಂದೇ ಬಗೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಬೆಲೆ ನೋಡಿ ಬೆಳೆ ಇಡುವವನನ್ನು ಬೈಯುವ ಹಕ್ಕು ಸಂಬಳ ತೆಗೆದುಕೊಳ್ಳುವ ನಮಗಿಲ್ಲ. ಆದರೆ ಲೆಕ್ಕವಂತೂ ಇರಲೇಬೇಕಲ್ಲ.

ಹೇಮಾವತಿಯ ಜಗಳವೂ ಇದೇ ಲೆಕ್ಕದ ಮುಂದುವರಿಕೆ. ಹಾಸನ ಜಿಲ್ಲೆಯ ಗೊರೂರಿನ ಜಲಾಶಯ ತುಂಬಿದಾಗ 37 ಟಿಎಂಸಿ ಅಡಿ ನೀರು. ಅದರ ನಾಲೆ ತಿಪಟೂರು, ತುರುವೇಕೆರೆ, ಗುಬ್ಬಿ ಹಾದು ತುಮಕೂರು, ಕುಣಿಗಲ್ ಕಡೆ ಸಾಗುತ್ತದೆ. ಚಿಕ್ಕನಾಯಕನಹಳ್ಳಿಯ ಕೆರೆಗಳಿಗೂ ಆ ನೀರು ಬರಬೇಕೆಂಬ ಕೂಗು ದಶಕಗಳದ್ದು. ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಮಾಡಿ ಕುಣಿಗಲ್ ಕಡೆಗೆ ನೇರ ನೀರು ಒಯ್ಯುವ ಯೋಜನೆಗೆ ಗುಬ್ಬಿ, ತುರುವೇಕೆರೆ ಭಾಗದವರು 2025ರಲ್ಲಿ ಬೀದಿಗಿಳಿದರು. ಯಾರ ಪರ ಎಂದು ಪತ್ರಿಕೆಗಳು ಕೇಳುತ್ತವೆ. ವಿದ್ಯಾರ್ಥಿ ಕೇಳಬೇಕಾದ್ದು ಬೇರೆ. ನಾಲೆಯಲ್ಲಿ ಎಷ್ಟು ದಿನ ನೀರು ಹರಿಯಿತು, ದಾರಿಯಲ್ಲಿ ಎಷ್ಟು ಇಂಗಿತು, ಮಲ್ಲಾಘಟ್ಟದ ಕೆರೆ ತುಂಬಿದ ವರ್ಷ ಸುತ್ತಲಿನ ಬೋರುಗಳ ಮಟ್ಟ ಎಷ್ಟು ಏರಿತು. ಒಂದು ಹಗ್ಗ, ಒಂದು ನೋಟ್‌ಬುಕ್ಕು, ಹತ್ತು ತೆರೆದ ಬಾವಿ ಇದ್ದರೆ ಇದರಲ್ಲಿ ಅರ್ಧವನ್ನು ಒಂದು ಸೆಮಿಸ್ಟರಿನಲ್ಲಿ ಅಳೆಯಬಹುದು. ಚಿಕ್ಕನಾಯಕನಹಳ್ಳಿಯವರಿಗೆ ಇನ್ನೊಂದು ಸೊಗಸಿದೆ. ಆ ತಾಲ್ಲೂಕಿನ ಬಡಗಣ ಪಾಲಿನ ಮಳೆ ಸುವರ್ಣಮುಖಿಗೆ ಸೇರಿ, ಬೋರನಕಣಿವೆಯಲ್ಲಿ ತಂಗಿ, ವೇದಾವತಿಯ ಮೂಲಕ ಕೃಷ್ಣೆಯ ಕಡೆ ಹೋಗುತ್ತದೆ. ತೆಂಕಣ ಪಾಲಿನದು ಶಿಂಷಾ ಹಿಡಿದು ಕಾವೇರಿಗೆ. ಜಲಾನಯನ ಎಂದರೇನು ಎಂಬ ಐದು ಅಂಕದ ಪ್ರಶ್ನೆಗೆ ಗುಡ್ಡ ಹತ್ತಿ ನಿಂತು ಉತ್ತರ ಹೇಳಬಹುದಾದ ಊರು ಅದು.

ನೀರಿನದು ದೊಡ್ಡ ಲೆಕ್ಕ. ಸಣ್ಣದು ಬೇಕೆಂದರೆ ಒಂದು ಗರಿ ಸಾಕು. ಬಿದ್ದ ಹಸಿ ಗರಿಯೊಂದರ ಎಲೆಯನ್ನು ಮಗುಚಿ ನೋಡಿ. ಅಡಿಭಾಗದಲ್ಲಿ ಸುಣ್ಣದ ಬೆರಳಿನಿಂದ ಬರೆದಂಥ ಬಿಳಿ ಸುರುಳಿಗಳು, ಮೇಣದ ಎಳೆಗಳು. ಅದೇ ಎಲೆಯ ಮೇಲ್ಭಾಗಕ್ಕೆ ಮಸಿ ಬಳಿದಂತೆ ಕಪ್ಪು ಬೂಷ್ಟು. ಇದು ಸುರುಳಿ ಬಿಳಿ ನೊಣದ ಕೆಲಸ. ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯ ತೆಂಗಿನ ತೋಟಗಳಲ್ಲಿ. ನೊಣ ರಸ ಹೀರಿ ಅಂಟು ಸಿಹಿ ಹನಿಸುತ್ತದೆ, ಆ ಹನಿ ಕೆಳಗಿನ ಗರಿಯ ಮೇಲೆ ಬೀಳುತ್ತದೆ, ಅಲ್ಲಿ ಬೂಷ್ಟು ಬೆಳೆದು ಬಿಸಿಲನ್ನು ತಡೆಯುತ್ತದೆ. ಮಸಿ ಹಿಡಿದ ಮರ ನೋಡಿದ ಯಾವ ತೋಟದವನ ಕೈಯೂ ಮೊದಲು ಹೋಗುವುದು ಔಷಧಿ ಅಂಗಡಿಗೆ.

ಇಲ್ಲಿ ಒಂದು ಭೂತಗನ್ನಡಿ ಇಟ್ಟು ನೋಡುವ ತಾಳ್ಮೆ ಬೇಕು. ನೊಣದ ಕೋಶ ಒಡೆದು ಖಾಲಿಯಾಗಿರುತ್ತದೆ. ಒಳಗಿನಿಂದ ನೊಣವೇ ಬೆಳೆದು ಹೊರಬಿದ್ದಿದ್ದರೆ ಕೋಶದ ಬೆನ್ನು ‘ಟಿ’ ಆಕಾರದಲ್ಲಿ ಸೀಳಿರುತ್ತದೆ. ದುಂಡನೆಯ ತೂತು ಇದ್ದರೆ ಹೊರಬಂದದ್ದು ನೊಣವಲ್ಲ, ಅದರೊಳಗೆ ಮೊಟ್ಟೆಯಿಟ್ಟು ಅದನ್ನೇ ತಿಂದು ಬೆಳೆದ ಎನ್‌ಕಾರ್ಸಿಯಾ ಎಂಬ ಅತಿ ಸಣ್ಣ ಕಣಜ. ನೂರು ಕೋಶ ಎಣಿಸಿ, ಅದರಲ್ಲಿ ದುಂಡು ತೂತು ಎಷ್ಟು ಎಂದು ಬರೆದುಕೊಂಡರೆ ಆ ತೋಟದಲ್ಲಿ ಶತ್ರುವಿನ ಶತ್ರು ಎಷ್ಟು ಬಲವಾಗಿದ್ದಾನೆಂಬ ಅಂಕಿ ಸಿಕ್ಕಿತು. ಅರ್ಧಕ್ಕಿಂತ ಮೇಲಿದ್ದರೆ ಔಷಧಿ ಹೊಡೆಯುವುದು ಕೈಯಾರೆ ಕಾವಲುಗಾರನನ್ನು ಕೊಂದಂತೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು ಈ ನೊಣಕ್ಕೆ ರಾಸಾಯನಿಕ ಸಿಂಪಡಿಸಬೇಡಿ ಎಂದು ಹೇಳುತ್ತ ಬಂದದ್ದು ಇದೇ ಕಾರಣಕ್ಕೆ. ನನಗೆ ಕೇಳಿದರೆ ಆ 25 ಅಂಕವನ್ನು ಇದೊಂದಕ್ಕೇ ಕೊಟ್ಟುಬಿಡಬಹುದು. ಎಣಿಕೆ ಇದೆ, ಶೇಕಡಾವಾರು ಇದೆ, ಆಹಾರ ಸರಪಳಿ ಇದೆ, ಮನೆಗೆ ಹೋಗಿ ಅಪ್ಪನಿಗೆ ಹೇಳಬಹುದಾದ ತೀರ್ಮಾನವೂ ಇದೆ.

ಈ ತಾಳ್ಮೆ ಇಲ್ಲದಾಗ ಏನಾಗುತ್ತದೆ ಎಂಬುದು ನುಸಿಪೀಡೆಯ ಕಾಲ ನೋಡಿದವರಿಗೆ ಗೊತ್ತು. ನುಸಿ 1998ರಲ್ಲಿ ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳನ್ನೂ ಹೊಕ್ಕಿತು. ಕಣ್ಣಿಗೆ ಕಾಣದ, ಮಿಲಿಮೀಟರಿನ ನಾಲ್ಕನೇ ಒಂದು ಭಾಗದಷ್ಟೂ ಇಲ್ಲದ ಜೀವ. ವಾಸ ಎಳೆಗಾಯಿಯ ತೊಟ್ಟಿನ ಮುಚ್ಚಳದ ಕೆಳಗೆ. ಮೇಲಿನಿಂದ ಹೊಡೆದ ಔಷಧಿ ಅಲ್ಲಿಗೆ ತಲುಪುವುದೇ ಕಷ್ಟ. ಬೇರು ಕತ್ತರಿಸಿ ಪ್ಲಾಸ್ಟಿಕ್ ಕವರಿನಲ್ಲಿ ವಿಷ ಉಣಿಸುವುದು ಆಗ ಊರೂರಿನ ಕಸುಬಾಯಿತು. ಕಪ್ಪು ತಲೆ ಹುಳುವಿನ ಕಥೆ ಇದಕ್ಕೆ ತದ್ವಿರುದ್ಧ. ಗರಿಯನ್ನು ಸುಟ್ಟಂತೆ ಒಣಗಿಸುವ ಆ ಹುಳುವಿಗೆ ಗೋನಿಯೋಜಸ್ ಎಂಬ ಪರೋಪಜೀವಿ ಕಣಜವನ್ನು ಅಕ್ಕಿ ಪತಂಗದ ಮರಿಹುಳುಗಳ ಮೇಲೆ ಸಾಕಿ, ಸೀಸೆಗಳಲ್ಲಿ ತುಂಬಿ ತಂದು ತೋಟದಲ್ಲಿ ಬಿಡುವ ಪದ್ಧತಿ ಎಷ್ಟೋ ವರ್ಷದಿಂದ ನಡೆದಿದೆ. ತಿಪಟೂರಿನ ಕೊನೇಹಳ್ಳಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವೇ ಇದೆ. ತಿಪಟೂರು ಕಾಲೇಜುಗಳ ಹುಡುಗರಿಗೆ ಅದು ಒಂದು ಬಸ್ ಟಿಕೆಟ್ಟಿನ ದೂರ.

ಮಲಿನ ಜಾಗ ತೋರಿಸಿ ಎಂದು ಪಠ್ಯಕ್ರಮ ಕೇಳುತ್ತದಲ್ಲ, ಅದಕ್ಕೂ ಕೊರತೆಯಿಲ್ಲ. ಬಲಿತ ಕಾಯಿಯ ನೀರಿನಲ್ಲಿ ಲೀಟರಿಗೆ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ. ಕೊಬ್ಬರಿ ಪೌಡರ್ ಫ್ಯಾಕ್ಟರಿಯಲ್ಲಿ ಕಾಯಿ ಒಡೆದಾಗ ಚೆಲ್ಲುವ ಇಂಥ ಒಂದು ಲೀಟರ್ ನೀರು ಕೆರೆ ಸೇರಿತೆನ್ನಿ. ಆ ಸಕ್ಕರೆಯನ್ನು ಅರಗಿಸುವ ಸೂಕ್ಷ್ಮಜೀವಿಗಳಿಗೆ ಎರಡು ಸಾವಿರ ಲೀಟರಿಗೂ ಹೆಚ್ಚು ಕೆರೆ ನೀರಿನಲ್ಲಿ ಕರಗಿರುವ ಆಮ್ಲಜನಕವೆಲ್ಲ ಬೇಕು. ಕುಡಿದರೆ ತಂಪು, ಕೆರೆಗೆ ಬಿಟ್ಟರೆ ಮೀನಿಗೆ ಉಸಿರಿಲ್ಲ. ಚಿಪ್ಪಿನ ಇದ್ದಿಲ ಗುಂಡಿಗಳದು ಇನ್ನೊಂದು ಬಗೆ. ಸುಟ್ಟ ಚಿಪ್ಪಿನ ತೂಕದಲ್ಲಿ ಮೂರನೇ ಒಂದು ಪಾಲೂ ಇದ್ದಿಲಾಗಿ ಉಳಿಯುವುದಿಲ್ಲ, ಉಳಿದದ್ದೆಲ್ಲ ಊರಿನ ಮೇಲೆ ಹೊಗೆ. ನಾರಿನ ಫ್ಯಾಕ್ಟರಿ ಪಕ್ಕ ಗುಡ್ಡೆ ಬಿದ್ದಿರುವ ನಾರಿನ ಪುಡಿಗೆ ಮಾತ್ರ ಒಳ್ಳೆಯ ಗತಿ ಇದೆ: ಅಣಬೆ ಬೀಜ, ಸ್ವಲ್ಪ ಯೂರಿಯಾ ಹಾಕಿ ಕೊಳೆಸಿದರೆ ಗೊಬ್ಬರ.

ಇಷ್ಟೆಲ್ಲ ಹೇಳಿದ್ದು ಎಲ್ಲರೂ ಓದಲೇಬೇಕಾದ ಒಂದು ಪತ್ರಿಕೆಯ ಬಗ್ಗೆ. ಬಿ.ಎಸ್ಸಿ.ಯಲ್ಲಿ ಪರಿಸರ ವಿಜ್ಞಾನವನ್ನೇ ಐಚ್ಛಿಕವಾಗಿ ಓದುವುದು ಬೇರೆ. ಅದರಲ್ಲಿ ಉಪದೇಶ ಕಡಿಮೆ, ರಸಾಯನಶಾಸ್ತ್ರ ಜಾಸ್ತಿ. ಮೊದಲ ವರ್ಷವೇ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ಪ್ರಯೋಗ ಬರುತ್ತದೆ. ಬಾಟಲಿಯ ಕೆರೆ ನೀರಿಗೆ ಮ್ಯಾಂಗನೀಸ್ ಸಲ್ಫೇಟ್, ಅಯೊಡೈಡ್ ಬೆರೆಸಿದ ಕ್ಷಾರ ಹಾಕಿದರೆ ಕಂದು ಗಸಿ ಇಳಿಯುತ್ತದೆ. ಗಂಧಕಾಮ್ಲ ಬಿದ್ದೊಡನೆ ಗಸಿ ಕರಗಿ ನೀರು ಹೊಂಬಣ್ಣವಾಗುತ್ತದೆ. ಗಂಜಿ ದ್ರಾವಣ ಸೇರಿಸಿದರೆ ನೀಲಿ. ಬ್ಯೂರೆಟ್ಟಿನಿಂದ ಥಯೋಸಲ್ಫೇಟ್ ಹನಿಹನಿ ಬಿಟ್ಟಂತೆ ಆ ನೀಲಿ ಒಂದು ಹನಿಗೆ ಸರಕ್ಕನೆ ಮಾಯ. ಇದರ ಜೊತೆಗೆ ಭೂವಿಜ್ಞಾನ, ಸಂಖ್ಯಾಶಾಸ್ತ್ರ, ಉಪಗ್ರಹ ಚಿತ್ರ ಓದುವುದು, ಪರಿಸರ ಕಾನೂನು. ಒಂದು ವಿಷಯದಲ್ಲೇ ಆಳಕ್ಕಿಳಿಯುವ ಆಸೆಯುಳ್ಳವರಿಗೆ ಇದು ಹಿಡಿಸದೆ ಹೋಗಬಹುದು.

“ಇದ್ನ ಓದಿದ್ರೆ ಯಾವ್ ಕೆಲ್ಸ ಸಿಕ್ತೈತೆ ಮಗಾ?” ಎಂದು ಮನೆಯಲ್ಲಿ ಕೇಳುವುದು ನ್ಯಾಯವೇ. ಬರೀ ಪದವಿ ಹಿಡಿದು ಹೋದರೆ ನೀರಿನ ಮಾದರಿ ಹೊತ್ತು ತರುವ, ಗಾಳಿ ಅಳೆಯುವ ಯಂತ್ರ ಕಾಯುವ ಕೆಲಸ, ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಸ್ನಾತಕೋತ್ತರ ಪದವಿಯನ್ನು ಲೆಕ್ಕಕ್ಕೆ ಹಿಡಿದೇ ಈ ದಾರಿಗೆ ಬರಬೇಕು. ತುಮಕೂರು, ಮೈಸೂರು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿ. ಇದೆ. ನೆಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಸ್ವತಂತ್ರ ವಿಷಯ, 2021ರಿಂದ ಗೇಟ್‌ನಲ್ಲೂ ಪತ್ರಿಕೆ ಇದೆ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಅರ್ಹವಾದ ವಿಷಯಗಳ ಪಟ್ಟಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ ಎಲ್ಲ ಇವೆ, ಪರಿಸರ ವಿಜ್ಞಾನವೇ ಇಲ್ಲ. ಪದವಿಯಲ್ಲಿ ಜೊತೆಗೆ ಅವುಗಳಲ್ಲೊಂದನ್ನು ಓದಿರಬೇಕು. ಸಂಯೋಜನೆ ಆರಿಸುವ ದಿನ ಇದನ್ನು ಯಾರೂ ಹೇಳುವುದಿಲ್ಲ.

ಆದರೆ ಕೆಲಸವೊಂದೇ ಪ್ರಯೋಜನ ಅಂದುಕೊಂಡರೆ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಅಗೆದ ಚಿಕ್ಕನಾಯಕನಹಳ್ಳಿ ಬೇರೆ ಮಾತು ಹೇಳುತ್ತದೆ. 2011ರ ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಬಳ್ಳಾರಿಯದು ಅದಕ್ಕೆ ಒಂದು ತಿಂಗಳು ಮೊದಲೇ ನಿಂತಿತ್ತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಹೂಡಿದ್ದ ಆ ಮೊಕದ್ದಮೆ ತೀರ್ಮಾನವಾದದ್ದು ಭಾಷಣದಿಂದಲ್ಲ, ಅಳತೆಯಿಂದ. ಒಂದೊಂದು ಗಣಿಯ ಗಡಿಯನ್ನೂ ಸರ್ವೆ ಮಾಡಿ, ಗುತ್ತಿಗೆಯ ಹೊರಗೆ ಎಷ್ಟು ಅಗೆದಿದ್ದಾರೆ, ಎಷ್ಟು ಮಣ್ಣು ಸುರಿದಿದ್ದಾರೆ ಎಂದು ಶೇಕಡಾ ಲೆಕ್ಕದಲ್ಲಿ ಎ, ಬಿ, ಸಿ ಎಂದು ವಿಂಗಡಿಸಿದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು, ಉಳಿದವು ಪುನಶ್ಚೇತನ ಯೋಜನೆ ಮಾಡಿಕೊಂಡೇ ತೆರೆಯಬೇಕಾಯಿತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಮಂಡಳಿಯ ಅಧ್ಯಯನವನ್ನೂ ಮುಂದಿಟ್ಟುಕೊಂಡು ಚಿತ್ರದುರ್ಗ, ತುಮಕೂರು ಎರಡೂ ಜಿಲ್ಲೆಗಳಿಗೆ ಸೇರಿ ವರ್ಷಕ್ಕೆ 50 ಲಕ್ಷ ಟನ್ ಮಿತಿ ಹಾಕಿದರು. ಅದು 2017ರಲ್ಲಿ 70 ಲಕ್ಷಕ್ಕೆ, 2022ರಲ್ಲಿ 150 ಲಕ್ಷಕ್ಕೆ ಏರಿದೆ.

ಮಿತಿ ಏರಿದರೆ ಹೊಸ ಗಣಿ, ಹಳೆಯದರ ವಿಸ್ತರಣೆ, ಅದರ ಹಿಂದೆಯೇ ಸಾರ್ವಜನಿಕ ಅಹವಾಲು ಸಭೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಸಭೆಗೆ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಕರಡು ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಾರಾಂಶ ಹತ್ತಿಪ್ಪತ್ತು ಪುಟ. ನಿಜವಾದ ವರದಿ ನೂರಾರು ಪುಟ, ಇಂಗ್ಲಿಷಿನಲ್ಲಿ. ಶಾಮಿಯಾನದ ಕೆಳಗೆ ನಿಂತು “ನಮ್ ತ್ವಾಟ ಹಾಳಾಯ್ತದೆ ಸ್ವಾಮಿ” ಎಂದು ಕೂಗಿದರೆ ನಡಾವಳಿಯಲ್ಲಿ ಒಂದು ಸಾಲು. ವರದಿಯ ಅಂಕಿಯನ್ನೇ ಹಿಡಿದು ಬರೆದುಕೊಟ್ಟರೆ ಕಥೆ ಬೇರೆ: ಜನ ಎತ್ತಿದ ಮುಖ್ಯ ಆಕ್ಷೇಪಗಳಿಗೆ ಅಂತಿಮ ವರದಿಯಲ್ಲಿ ಉತ್ತರ ಕೊಡಲೇಬೇಕೆಂದು ಅದೇ ಅಧಿಸೂಚನೆ ಹೇಳುತ್ತದೆ. ಹಿಡಿಯುವುದೇನು? ಗಣಿಯ ಸುತ್ತ ಹತ್ತು ಕಿಲೋಮೀಟರಿನ ಒಳಗೆ ಗಾಳಿ, ನೀರು, ಶಬ್ದ ಅಳೆದ ಊರುಗಳ ಪಟ್ಟಿ ವರದಿಯಲ್ಲಿರುತ್ತದೆ. ಅದರಲ್ಲಿ ನಮ್ಮೂರು ಇದೆಯೇ, ಅಳೆದದ್ದು ಯಾವ ಮೂರು ತಿಂಗಳಲ್ಲಿ, ಅದಿರಿನ ಲಾರಿ ಹೋಗುವ ರಸ್ತೆ ಅದರಲ್ಲಿ ಬಂದಿದೆಯೇ, ಬಾವಿಯ ನೀರಿನ ಮಟ್ಟ ಎಂದು ಕೊಟ್ಟ ಅಡಿ ಹೋದ ವರ್ಷ ನಾವು ಹಗ್ಗ ಇಳಿಬಿಟ್ಟು ಬರೆದುಕೊಂಡದ್ದಕ್ಕೆ ತಾಳೆಯಾಗುತ್ತದೆಯೇ, ಭೂಬಳಕೆಯ ನಕ್ಷೆಯಲ್ಲಿ ತೆಂಗಿನ ತೋಟವನ್ನು ಏನೆಂದು ತೋರಿಸಿದ್ದಾರೆ. ಈ ಐದನ್ನು ನೋಡಲು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯೆ ಸಾಕು. ವರದಿಯ ಪ್ರತಿ ಜಿಲ್ಲಾಧಿಕಾರಿ ಕಚೇರಿಯಲ್ಲೂ ಜಿಲ್ಲಾ ಪಂಚಾಯತಿಯಲ್ಲೂ ಸಿಗುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲೂ ಇರುತ್ತದೆ. ಓದಲು ಇರುವುದು ಮೂವತ್ತೇ ದಿನ.